ಒಂಟಿಗಾಲಿನ ಚಿತ್ರ

ತ್ರ್ಯಂಬಕ ಮಾಸ್ತರರು ಕಾರ್ಡನ್ನು ಕೈಯಲ್ಲಿ ತಿರುಗಿಸಿದ್ದೇ ತಡ, ಮಾಲಾ ಕುರ್ಚಿಯಿಂದ ಎದ್ದು ಎರಡೂ ಕೈ ಮುಂದೆ ಚಾಚಿದಳು.

“ಹಂಗ ಹಿಡೀಬ್ಯಾಡ್ರಿ ಸರ. ತಲಿ ಕೆಳಗಾಗತೈತಿ.”

ಮಾಸ್ತರರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಖಾನಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಡ್ರಾಯಿಂಗ್ ಕಲಿಸಿ, ನಿವೃತ್ತರಾದ ಮೇಲೆ ಬೆಳಗಾವಿಯ ಮಹಾಂತೇಶ ನಗರದಲ್ಲಿ ಮನೆ ಕಟ್ಟಿಸಿಕೊಂಡವರು. ಚಿತ್ರವನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಅವರಿಗೆ ಇದುವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಅವರು ಸಿಟ್ಟಾಗಲಿಲ್ಲ. ಬಂದವಳು ಹಳೆಯ ವಿದ್ಯಾರ್ಥಿಯ ಹೆಂಡತಿ, ಎಂಟರ ಬಸ್ಸು ಹಿಡಿದು ಬಂದಿದ್ದಾಳೆ, ಹೊಟ್ಟೆಗೆ ಏನೂ ಹಾಕಿಕೊಂಡ ಹಾಗೆ ಕಾಣುವುದಿಲ್ಲ.

“ತಲಿ ಕೆಳಗೇ ಅದಾನವಾ. ಇದನ್ನ ಹಿಡಿಯೋದೇ ಹಿಂಗ,” ಎಂದರು.

“ಇಲ್ರೀ ಸರ. ಇಂವ ನಿಂತಾನ್ರೀ. ಒಂಟಿಗಾಲಮ್ಯಾಗ ನಿಂತು ತಪ ಮಾಡಾಕತ್ತಾನ. ನಮ್ಮತ್ತಿ ಮೂರು ದಿನ ಆತು ಇದಕ್ಕ ಪೂಜಿ ಮಾಡಾಕತ್ತಾಳ. ಇದು ಯಾವ ಮಠದ ಚಿತ್ರ ಐತಿ, ನಿಮ್ಮನ್ನ ಕೇಳ್ಕೊಂಡು ಬಾ ಅಂತ ಕಳಿಸ್ಯಾಳ್ರಿ.”

ಅವಳು ಕಾರ್ಡನ್ನು ಇಸಿದುಕೊಂಡು ತನಗೆ ತಿಳಿದಂತೆ ನೆಟ್ಟಗೆ ಹಿಡಿದು ತೋರಿಸಿದಳು. ಅಂಗೈಯಷ್ಟು ದೊಡ್ಡ ದಪ್ಪ ಕಾಗದ. ನೀಲಿ ಅಂಗಿಯ ಹರೆಯದವನೊಬ್ಬ ಅಡ್ಡ ಹಲಗೆಯೊಂದರ ಮೇಲೆ ಬಲಗಾಲೂರಿ ನಿಂತಿದ್ದಾನೆ. ಎಡಗಾಲನ್ನು ಮಡಚಿ ಬಲಗಾಲಿನ ಹಿಂದಕ್ಕೆ ಇಟ್ಟಿದ್ದಾನೆ. ಕೈಗಳು ಬೆನ್ನ ಹಿಂದೆ. ಹಿಂದೊಂದು ಮರ. ಕೂದಲು ಜಟೆಯ ಹಾಗೆ ಮೇಲೆದ್ದಿದೆ, ತಲೆಯ ಸುತ್ತ ಹಳದಿ ಪ್ರಭೆ. ಹಣೆಯ ಮೇಲೆ ಅತ್ತೆ ಸಾತವ್ವ ಹಚ್ಚಿದ ಮನೆದೇವರು ಬೀರಪ್ಪನ ಭಂಡಾರ, ಆ ಅರಿಶಿನ ಪುಡಿ ಮೂಗಿನವರೆಗೂ ಉದುರಿದೆ. ಇಂಥವನನ್ನು ತಪಸ್ವಿ ಅನ್ನದೆ ಇನ್ನೇನು ಅನ್ನಬೇಕು? ಮುಖದಲ್ಲಿ ನೋವಿಲ್ಲ, ಹಸಿವಿಲ್ಲ, ಮನೆಮಂದಿಯ ನೆನಪೂ ಇಲ್ಲ. ಆ ಕೊನೆಯದಕ್ಕೇ ಮಾಲಾಳಿಗೆ ಮೈಯೆಲ್ಲ ಸಿಟ್ಟು.

ಕಾರ್ಡು ಮನೆಗೆ ಬಂದ ಬಗೆ ಹೀಗೆ. ಸೋಮವಾರ ಬೆಳಿಗ್ಗೆ ಇಬ್ಬರು ಪೊಲೀಸರು ಖಾನಾಪುರದ ಅಂಚಿನಲ್ಲಿರುವ ಅವರ ಮನೆ ಹುಡುಕಿಕೊಂಡು ಬಂದರು. ಹಿಂದಿನ ದಿನ ಗುಂಜಿಯ ಹತ್ತಿರ ರೈಲು ಹಳಿಯ ಪಕ್ಕದಲ್ಲಿ ಒಂದು ಹೆಣ ಸಿಕ್ಕಿತ್ತು. ಗೋವಾ ಕಡೆಯಿಂದ ಬರುವ ಗಾಡಿಯ ಬಾಗಿಲಲ್ಲಿ ಕೂತಿದ್ದವನು ಬಿದ್ದಿರಬೇಕು ಎಂದರು. ಮುಖ ಗುರುತು ಸಿಗುವ ಹಾಗಿರಲಿಲ್ಲ. ಸ್ವಲ್ಪ ಆಚೆಗೆ ಒಂದು ಚೀಲ ಬಿದ್ದಿತ್ತು, ಅದರಲ್ಲಿ ಖಾನಾಪುರದ ಎಸ್‌ಟಿಡಿ ಬೂತಿನ ನಂಬರು ಬರೆದ ಚೀಟಿ. ಬೂತಿನ ಭರಮಣ್ಣ ಈ ಮನೆ ತೋರಿಸಿದ್ದ. ಪೊಲೀಸರು ಚೀಲವನ್ನು ಕಟ್ಟೆಯ ಮೇಲೆ ಬರಿದು ಮಾಡಿದರು. ಎರಡು ಅಂಗಿ, ಒಂದು ಟವೆಲು, ಸವೆದ ಸಾಬೂನು, ಗೋಡಂಬಿಯ ಪೊಟ್ಟಣ, ಒಂದಿಷ್ಟು ಕಾಗದಪತ್ರ. ಚೌಕಳಿ ಅಂಗಿ ಕಂಡದ್ದೇ ಸಾತವ್ವ “ನಮ್ಮ ಬಾಳೇಶಂದು” ಎಂದು ಕುಸಿದು ಕುಳಿತಳು. ಮಾಲಾ ಅಂಗಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಮಾವ ಸತ್ಯಪ್ಪ ಗುರುತು ಹೇಳುವುದಕ್ಕೆ ಪೊಲೀಸರ ಜೊತೆ ಬೆಳಗಾವಿಗೆ ಹೋದ.

ಬಾಳೇಶ ಅವಳ ಗಂಡ. ಲಗ್ನವಾಗಿ ನಾಲ್ಕು ವರ್ಷ. ಗೋವಾದ ಸಮುದ್ರದ ದಂಡೆಯ ಹೊಟೇಲೊಂದರಲ್ಲಿ ವರ್ಷಕ್ಕೆ ಎಂಟು ತಿಂಗಳು ದುಡಿಯುತ್ತಿದ್ದ, ಮಳೆಗಾಲಕ್ಕೆ ಮನೆಗೆ ಬರುತ್ತಿದ್ದ. ಈಗಿನ್ನೂ ಶಿವರಾತ್ರಿ ಕಳೆದು ವಾರವಾಗಿತ್ತು. ಅವನು ಬರುವ ಕಾಲವೇ ಅಲ್ಲ ಇದು ಎಂದು ಆ ದಿನವಿಡೀ ಮಾಲಾ ತನಗೆ ತಾನೇ ಹೇಳಿಕೊಂಡಳು.

ಸತ್ಯಪ್ಪ ದೀಪ ಹಚ್ಚುವ ಹೊತ್ತಿಗೆ, ಚೀಲ ಮಗನದೇ ಎಂದು ಪೊಲೀಸರಿಂದ ಇಸಿದುಕೊಂಡು, ತಿರುಗಿ ಬಂದ. ಅಂಗಳದಲ್ಲೇ ನಿಂತು “ಅಂವ ಅಲ್ಲ” ಎಂದ. ಹಿತ್ತಲಲ್ಲಿ ತಣ್ಣೀರು ಸುರಿದುಕೊಂಡು ಒಳಗೆ ಬಂದಾಗ ಸಾತವ್ವ ದೇವರ ಜಗಲಿಯ ಮೇಲಿನ ಭಂಡಾರದ ಬಟ್ಟಲನ್ನು ಅವನ ಮುಂದೆ ಹಿಡಿದಳು.

“ಭಂಡಾರ ಮುಟ್ಟಿ ಹೇಳು, ಅಂವ ಅಲ್ಲಂತ.”

“ಹೆಣದ ಕ್ವಾಣಿಗಿ ಹೋಗಿ ಬಂದೇನಿ. ಮೈಲಿಗಿ ಐತಿ. ಹೆಂಗ ಮುಟ್ಟಲಿ?”

ಮಾತು ಸರಿಯಾಗಿಯೇ ಇತ್ತು, ಸಾತವ್ವ ಬಟ್ಟಲನ್ನು ತಿರುಗಿ ಜಗಲಿಯ ಮೇಲಿಟ್ಟಳು. ಅವನು ಹಿತ್ತಲ ಬಾಗಿಲಲ್ಲಿ ಬೆನ್ನು ಮಾಡಿಕೊಂಡು ಸುಮಾರು ಹೊತ್ತು ಏನನ್ನೋ ಮಾಡುತ್ತ ಕುಳಿತ. ಆಮೇಲೆ ಎದ್ದು ಬಂದು ಈ ಕಾರ್ಡನ್ನು ದೀಪದ ಬೆಳಕಿಗೆ ಹಿಡಿದ.

“ನೋಡ ಇಲ್ಲಿ. ಯಾವದೋ ಸ್ವಾಮಿ ಹಿಂದ ಹೋಗ್ಯಾನ ನಿನ್ನ ಮಗ. ತಪಾ ಹಿಡದಾನ. ಇದ್ದಬಿದ್ದ ಅಂಗಿ-ಅರಬಿ ಇನ್ನೊಬ್ಬನ ಕೈಯಾಗ ಕೊಟ್ಟು, ಮನಿಗಿ ಮುಟ್ಟಸಂತ ಕಳಿಸ್ಯಾನ. ಆ ಪಾಪದಂವ ದಾರ್ಯಾಗ ಬಿದ್ದಾನ. ಮೂರು ದಿನ ಇಡತಾರಂತ ಹೆಣಾ. ಗುರುವಾರ ಸಂಜಿ ಐದರ ತನಕ ಅವರ ಮಂದಿ ಯಾರೂ ಬರಲಿಲ್ಲಂದ್ರ ಮುನಸಿಪಾಲ್ಟ್ಯಾವರು ಮಣ್ಣ ಮಾಡತಾರ.”

ಬಾಳೇಶನಿಗಿಂತ ಮೊದಲು ಇಬ್ಬರು ಮಕ್ಕಳನ್ನು ಮಣ್ಣಿಗೆ ಕೊಟ್ಟವಳು ಸಾತವ್ವ. ಅವಳು ಒಂದೇ ಉಸಿರಿಗೆ ನಂಬಿದಳು. ಗೋಡಂಬಿಯ ಪೊಟ್ಟಣ ಬಿಚ್ಚಿ, ಮಗ ತಾಯಿಯನ್ನು ಮರೆತಿಲ್ಲ ಎಂದು ಎರಡು ಬಾಯಿಗೆ ಹಾಕಿಕೊಂಡಳು. ಕಾರ್ಡು ಜಗಲಿ ಏರಿತು. ಮರುದಿನ ಸಂಜೆ ದೀಪ ಹಚ್ಚಿದ ಮೇಲೆ ಅವಳು ಗೋಡೆ ಹಿಡಿದುಕೊಂಡು ಎಡಗಾಲು ಎತ್ತಿ ಒಂಟಿಗಾಲಿನ ಮೇಲೆ ನಿಂತಳು. ಅರವತ್ತು ದಾಟಿದ ಮೊಣಕಾಲು ಗಡಗಡ ನಡುಗುತ್ತಿತ್ತು. ಮಾಲಾ ಓಡಿ ಬಂದು ತೋಳು ಹಿಡಿದಳು.

“ಏನ ಮಾಡಾಕತ್ತಿ ಅತ್ತೀ? ಬಿದ್ದಗಿದ್ದಿ.”

“ಮಗಾ ಅಲ್ಲಿ ನಿಂತಾನ. ಹಡದಾಕಿ ಒಂದೀಟರ ನಿಲ್ಲಬಾರದೇನು? ಬಿಡ ಕೈ.”

ಮಾಲಾಳಿಗೆ ನಂಬಿಕೆ ಬಂತೋ ಇಲ್ಲವೋ, ಸಿಟ್ಟಂತೂ ಬಂತು. ಸನ್ಯಾಸ ತಗೊಳ್ಳಲಿಕ್ಕೆ ಇವನಿಗೆ ಹೇಳಿದವರು ಯಾರು? ಹೆಂಡತಿಯನ್ನು ಒಂದು ಮಾತು ಕೇಳಬೇಡವೇ? ಮಠ ಯಾವುದೆಂದು ಗೊತ್ತಾಗಲಿ, ಕಿವಿ ಹಿಡಿದು ಎಳೆದು ತರುತ್ತೇನೆ ಎಂದು ರಾತ್ರಿಯೆಲ್ಲ ಹಲ್ಲು ಕಡಿದಳು. ಸಿಟ್ಟು ಮಾಡುವುದಕ್ಕೆ ಅವನು ಬದುಕಿದ್ದಾನಲ್ಲ ಎನ್ನುವ ಸಮಾಧಾನವೂ ಆ ಸಿಟ್ಟಿನ ಒಳಗೇ ಇತ್ತು. ಸತ್ತವನ ಹೆಂಡತಿಯನ್ನು ನೆನೆದು “ಯಾರ ಮನೀಯಾಕಿನೋ ಪಾಪ, ಇನ್ನೂ ಹಾದಿ ನೋಡಾಕತ್ತಿರಬೇಕು” ಎಂದೂ ಅತ್ತೆಯ ಹತ್ತಿರ ಅಂದಿದ್ದಳು.

ಒಂದೇ ಒಂದು ಮಾತು ಅವಳನ್ನು ಒಳಗೇ ಚುಚ್ಚುತ್ತಿತ್ತು. ತಿಂಗಳ ಹಿಂದೆ ಭರಮಣ್ಣನ ಬೂತಿಗೆ ಬಾಳೇಶ ಫೋನು ಮಾಡಿದ್ದ. “ಇಲ್ಲೊಬ್ಬಾಕಿ ಬಿಳಿ ಮುದುಕಿ ಅದಾಳ, ಇಸ್ಪೀಟಿನಂಥಾ ಎಲಿ ತಗದು ಭವಿಷ್ಯ ಹೇಳತಾಳ. ನನಗ ಒಂದು ಎಲಿ ಕೊಟ್ಟಾಳ. ಥೇಟ ನಾನ ಅದೇನಿ ಅದರಾಗ. ಬಂದಾಗ ತೋರಸ್ತೀನಿ, ನೋಡಿ ನೀ ನಗತಿ.” ತಪಸ್ಸಿಗೆ ನಿಂತವನನ್ನು ನೋಡಿ ನಗುವುದು ಏನಿದೆ? ಅದನ್ನು ಯಾರ ಹತ್ತಿರವೂ ಹೇಳದೆ ಅವಳು ಗುರುವಾರ ಬೆಳಿಗ್ಗೆ ಕಾರ್ಡನ್ನು ಕುಬಸದ ಕಣದ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ್ದಳು.

“ನೀ ಹಿಡಿದದ್ದು ಖರೆ ಇದ್ರ,” ಎಂದರು ಮಾಸ್ತರರು, “ಈ ಕೂದಲಾ ಮ್ಯಾಲೆ ಯಾಕ ಎದ್ದಾವ ಹೇಳು. ಜಟಿ ಅಲ್ಲ ಅದು, ಜೋತು ಬಿದ್ದ ಕೂದಲಾ. ಅಂಗಿ ಚುಂಗ ನೋಡು, ಅದೂ ತಲಿ ಕಡೆಗೇ ಸರದದ. ಕಾಲಾಗ ಹಗ್ಗ ಅದ. ಹಲಗಿ ಮ್ಯಾಲೆ ನಿಂತಂವಗ ಹಗ್ಗ ಯಾಕ ಬೇಕು?”

ಅವರು ಒತ್ತಾಯ ಮಾಡಲಿಲ್ಲ. ಅವಳ ಕೈಯಲ್ಲೇ ಇದ್ದ ಕಾರ್ಡನ್ನು ಎರಡು ಬೆರಳಿನಿಂದ ಮೆಲ್ಲಗೆ ತಿರುಗಿಸಿ ಬಿಟ್ಟರು.

ಮಾಲಾ ನೋಡಿದಳು. ಹಲಗೆ ಅಂದುಕೊಂಡದ್ದು ಮರದ ಕೊಂಬೆಯಾಯಿತು. ಕೊಂಬೆಗೆ ಬಲಗಾಲು ಸಿಕ್ಕಿಸಿಕೊಂಡು ಆ ಮನುಷ್ಯ ತಲೆಕೆಳಗಾಗಿ ಜೋತಾಡುತ್ತಿದ್ದ. ಅವಳಿಗೆ ಮೊದಲು ಬಂದದ್ದು ನಗುವೇ. ತಡೆಯುವುದರೊಳಗೆ ಬಾಯಿಂದ ಹೊರಬಿತ್ತು.

ಬಾಳೇಶನನ್ನು ಅವಳು ಮೊದಲ ಸಲ ನೋಡಿದ್ದು ಹೀಗೆಯೇ. ಹೆಣ್ಣು ನೋಡಲು ಬಂದ ಹುಡುಗ, ಹಿರಿಯರ ಮಾತು ಮುಗಿಯುವ ತನಕ ಸುಮ್ಮನೆ ಕೂಡಲಾರದೆ, ಆಡಿನ ಮರಿಗೆ ಸೊಪ್ಪು ಕಡಿದು ಕೊಡುತ್ತೇನೆಂದು ಹೊಸ ಪ್ಯಾಂಟಿನಲ್ಲೇ ಹಿತ್ತಲ ಬೇವಿನ ಮರ ಹತ್ತಿದ್ದ. ಜಾರಿದ. ಬಲಗಾಲು ಕವಲಿನಲ್ಲಿ ಸಿಕ್ಕಿ, ತಲೆ ಕೆಳಗಾಗಿ ಜೋತು ಬಿದ್ದ. ಅವಳು ನೀರಿನ ತಂಬಿಗೆ ಹಿಡಿದು ಹಿತ್ತಲಿಗೆ ಬಂದಾಗ ಅವನ ಮುಖ ಸರಿಯಾಗಿ ಅವಳ ಮುಖದ ಎದುರಿಗೇ ಇತ್ತು. ಕೂದಲು ನೆಲದ ಕಡೆಗೆ ಇಳಿಬಿದ್ದಿತ್ತು. ಅಷ್ಟು ನೋವಿನಲ್ಲೂ ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ದೊಡ್ಡ ಮನುಷ್ಯನ ಗತ್ತಿನಲ್ಲಿ “ನನಗ ಹುಡುಗಿ ಪಸಂದ ಐತಿ, ಒಳಗ ಹೇಳು” ಅಂದಿದ್ದ. ಅವಳು ನಕ್ಕು ನಕ್ಕು ತಂಬಿಗೆ ಚೆಲ್ಲಿದ್ದಳು. ಕವಲಿನಲ್ಲಿ ಜಜ್ಜಿಹೋದ ಕಾಲಿನ ಕಿರುಬೆರಳನ್ನು ಮುಂದೆ ಡಾಕ್ಟರು ತೆಗೆದುಹಾಕಬೇಕಾಯಿತು. ನಿನ್ನನ್ನು ನೋಡಲು ಬಂದು ಒಂದು ಬೆರಳು ಕೊಟ್ಟು ಹೋದವನು ನಾನು ಎಂದು ಅವನು ಯಾವಾಗಲೂ ಛೇಡಿಸುತ್ತಿದ್ದ.

ಇದನ್ನು ತೋರಿಸಿ ಅವಳನ್ನು ನಗಿಸಬೇಕೆಂದು ಅವನು ಈ ಎಲೆಯನ್ನು ಕಾಪಾಡಿ ಇಟ್ಟುಕೊಂಡಿದ್ದ. ಅಷ್ಟೇ. ಸ್ವಾಮಿಯಿಲ್ಲ, ಮಠವಿಲ್ಲ.

ಮಾಸ್ತರರ ಮಗಳು ಶರ್ವರಿ ಒಳಗಿನಿಂದ ಒಂದು ಪುಸ್ತಕವನ್ನೂ ಒಂದು ಪೆಟ್ಟಿಗೆಯನ್ನೂ ತಂದಳು. ಇಂಥ ಎಲೆ ತೆಗೆದು ಭವಿಷ್ಯ ಹೇಳುವುದನ್ನು ಪುಣೆಯಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯಿಂದ ಕಲಿತದ್ದಂತೆ. ಮಾಲಾಳ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತು, ಅವಳ ಮುಖ ನೋಡಿ ಗಾಬರಿಯಾಗಿ, ಮೊದಲು ಸಮಾಧಾನ ಹೇಳಿದಳು.

“ಅಕ್ಕಾ, ಹೆದರಬ್ಯಾಡ್ರಿ. ಇದು ಸಾವಿನ ಕಾರ್ಡ್ ಅಲ್ಲ. ಸಾವಿಂದು ಬ್ಯಾರೇನ ಅದ. ಇದರ ಅರ್ಥ ಕಾಯೂದು. ಹಟ ಬಿಟ್ಟು, ಏನೂ ಮಾಡದ ಸುಮ್ಮನ ಕಾಯೂದು. ನೋಡ್ರಿ, ಇವನ ಮುಖದಾಗ ತ್ರಾಸ ಅದ ಏನು?”

“ಹಂಗಾರ ಬದುಕ್ಯಾನ ಅಂತೈತೇನ್ರಿ ಇದು?”

ಶರ್ವರಿ ತಂದೆಯ ಮುಖ ನೋಡಿದಳು. ಹೌದು ಅಂದುಬಿಡುವುದು ಸುಲಭವಿತ್ತು. ಅವಳು ಒಳ್ಳೆಯ ಹುಡುಗಿ, ಅನ್ನಲಿಲ್ಲ.

“ಕಾರ್ಡು ಅಷ್ಟೆಲ್ಲಾ ಹೇಳಂಗಿಲ್ಲ ಅಕ್ಕಾ. ನೆಟ್ಟಗ ಬಂದ್ರ ಕಾಯೂದು. ತಿರುವಿ ಬಂದ್ರ, ಆದದ್ದನ್ನ ಒಪ್ಪಿಕೊಳ್ಳಲಾರದ ಸುಳ್ಳ ಹಟಾ ಹಿಡಿಯೂದು. ನಿಮಗ ಸಿಕ್ಕಾಗ ಇದು ಯಾವ ಕಡೆ ಇತ್ತು?”

ಪೆಟ್ಟಿಗೆಯಿಂದ ತನ್ನ ಎಲೆಗಳನ್ನು ತೆಗೆದು, ಅದೇ ಚಿತ್ರ ಹುಡುಕಿ, ಮಾಲಾಳ ಕಾರ್ಡಿನ ಪಕ್ಕಕ್ಕೆ ಇಟ್ಟಳು. ಅದು ಇದಕ್ಕಿಂತ ಉದ್ದವಿತ್ತು. ಮೇಲೆ ಏನೋ ಅಂಕಿ, ಕೆಳಗೆ ಇಂಗ್ಲಿಷಿನಲ್ಲಿ ಹೆಸರು.

“ಅರೆ, ನಿಮ್ಮದಕ್ಕ ಎರಡೂ ತುದಿ ಕತ್ತರಿಸ್ಯಾರಲ್ಲ. ಬಾಬಾ, ನೋಡ್ರಿ. ಅಕ್ಷರ ಇದ್ದಿದ್ರ ಯಾವುದು ಮ್ಯಾಲೆ, ಯಾವುದು ಕೆಳಗ ಅಂತ ಯಾರಿಗಾದ್ರೂ ತಿಳೀತಿತ್ತು. ಇದು ಹೊಸಾದಾಗಿ ಕತ್ತರಿಸಿದ್ದು, ಅಂಚು ಇನ್ನೂ ಬೆಳ್ಳಗ ಅದ.”

ಮಾಲಾ ಕಾರ್ಡನ್ನು ಕಣ್ಣಿನ ಹತ್ತಿರ ತಂದಳು. ಅಂಚು ನೆಟ್ಟಗಿರಲಿಲ್ಲ. ಬೆರಳಗಲಕ್ಕೊಂದು ಸಣ್ಣ ಮುಕ್ಕು ಬಿದ್ದಿತ್ತು. ಆ ಮುಕ್ಕು ಅವಳಿಗೆ ಗೊತ್ತು. ಹಿತ್ತಲ ಬಾಗಿಲಿನ ಗೂಟಕ್ಕೆ ಕುರಿಯ ಉಣ್ಣೆ ಕತ್ತರಿಸುವ ಮಾವನ ಕತ್ತರಿ ನೇತಾಡುತ್ತದೆ. ಎರಡು ವರ್ಷದ ಹಿಂದೆ ಕುರಿ ಮಾರಿ ಸತ್ಯಪ್ಪ ಬೆಳಗಾವಿಯಲ್ಲಿ ವಾಚ್‌ಮನ್ ಆದ ಮೇಲೂ ಅದಕ್ಕೆ ಎಣ್ಣೆ ಹಚ್ಚುವುದನ್ನು ಬಿಟ್ಟಿಲ್ಲ. ಅದರ ಒಂದು ಅಲಗು ಮುಕ್ಕಾಗಿದೆ. ಅದರಿಂದ ಕುಬಸದ ಕಣ ಕತ್ತರಿಸಲು ಹೋಗಿ ಅವಳು ಒಂದು ಸಲ ಬಟ್ಟೆಯನ್ನೇ ಹಾಳು ಮಾಡಿಕೊಂಡಿದ್ದಳು. ಸೋಮವಾರ ಸಂಜೆ ಹಿತ್ತಲ ಬಾಗಿಲಲ್ಲಿ ಬೆನ್ನು ಮಾಡಿ ಕುಳಿತ ಮಾವ, ಭಂಡಾರ ಮುಟ್ಟಲು ಒಲ್ಲೆನೆಂದ ಮಾವ, ಅಂದಿನಿಂದ ಕಂಬಳಿಯಿಲ್ಲದೆ ಬರಿನೆಲಕ್ಕೆ ಮಲಗುವ ಮಾವ. ಎಲ್ಲ ಒಟ್ಟಿಗೆ ಬಂದು ಅವಳ ಎದೆಯ ಮೇಲೆ ಕುಳಿತವು. ಸಾವು ಆದ ಮನೆಯವರು ಹಾಗೆ ಮಲಗುತ್ತಾರೆ. ಮನುಷ್ಯ ಒಬ್ಬನೇ, ಯಾರಿಗೂ ಹೇಳದೆ, ಸೂತಕ ಹಿಡಿದಿದ್ದ.

“ಟೈಮ್ ಎಷ್ಟಾತ್ರಿ ಬಾಯಿ?” ಎಂದು ಶರ್ವರಿಯನ್ನು ಕೇಳಿದಳು.

“ಹನ್ನೆರಡಾಗಲಿಕ್ಕೆ ಬಂತು. ಊಟಾ ಮಾಡೇ ಹೋಗ್ರಿ.”

“ಕಾಯೂದು ಅಂದ್ರೆಲ್ಲ. ಖರೇನ ಕಾಯಾಕತ್ತಾನ್ರಿ ಅಂವ. ನಾವ ಹೋಗಿಲ್ಲ,” ಎಂದಳು ಮಾಲಾ. ತಂದೆ ಮಗಳಿಗೆ ಅರ್ಥವಾಗುವುದರೊಳಗೆ ಅವಳು ಚಪ್ಪಲಿ ಮೆಟ್ಟಿ ರಸ್ತೆಗೆ ಇಳಿದಿದ್ದಳು.

ಮಹಾಂತೇಶ ನಗರದಿಂದ ಆಟೋ ನಗರ ಅಷ್ಟೇನೂ ದೂರವಿಲ್ಲ. ಬಿಸಿಲಲ್ಲಿ ಅವಳು ನಡೆದೇ ಹೋದಳು. ಲಾರಿಗೆ ಬಾಡಿ ಕಟ್ಟುವ ನಾಗಲಿಂಗನ ವರ್ಕ್‌ಶಾಪಿನ ಗೇಟಿನ ಹತ್ತಿರ, ತಗಡಿನ ನೆರಳಲ್ಲಿ, ಖಾಕಿ ಅಂಗಿ ಹಾಕಿಕೊಂಡು ಸತ್ಯಪ್ಪ ಸ್ಟೂಲಿನ ಮೇಲೆ ಕುಳಿತಿದ್ದ. ಒಳಗೆ ತಗಡು ಬಡಿಯುವ ಸದ್ದು. ನಲವತ್ತು ವರ್ಷದಿಂದ ಹಣೆಗೆ ಭಂಡಾರವಿಲ್ಲದೆ ಮನೆ ಬಿಟ್ಟು ಹೊರಡದವನ ಹಣೆ ಬೋಳಾಗಿತ್ತು. ಸೊಸೆಯನ್ನು ಕಂಡು ಎದ್ದು ನಿಂತ. ಅವಳು ಕಣದ ಗಂಟು ಬಿಚ್ಚಿ, ಕಾರ್ಡನ್ನು ತಲೆಕೆಳಗಾಗಿಯೇ, ಅಂದರೆ ಅದು ಇರಬೇಕಾದ ಹಾಗೆಯೇ, ಅವನ ಮುಂದೆ ಹಿಡಿದಳು.

ಸತ್ಯಪ್ಪ ಅದನ್ನು ನೋಡಿ, ಮತ್ತೆ ಸ್ಟೂಲಿನ ಮೇಲೆ ಕುಳಿತ.

“ಮಾಸ್ತರ ಹೇಳಿದ್ರು?” ಎಂದ.

“ನಿಮ್ಮ ಕತ್ರಿ ಹೇಳಿತು ಮಾವಾ.”

ಅವನು ಗೇಟಿನ ಸರಳನ್ನು ಹಿಡಿದುಕೊಂಡ. ಒಳಗಿನ ಬಡಿತ ನಿಂತಾಗ ಅವನ ದನಿ ತೀರಾ ಸಣ್ಣದಾಗಿ ಕೇಳಿತು.

“ಹೆಣದ ಕ್ವಾಣ್ಯಾಗಿನ ಮನಶ್ಯಾ ಕಾಲ ಕಡಿಂದ ಅರಬಿ ಎತ್ತಿದಾ. ಇನ್ನೂರು ಕುರಿ ಒಳಗ ನನ್ನ ಕುರಿ ಯಾವುದಂತ ಕಾಲ ನೋಡೇ ಹೇಳಾಂವ ನಾ. ನನ್ನ ಮಗನ ಕಾಲು ಗೊತ್ತಾಗೂದಿಲ್ಲೇನು? ಕಿರಿಬೆರಳ ಇರಲಿಲ್ಲ. ‘ನಿಮ್ಮಾಂವೇನು?’ ಅಂತ ಕೇಳಿದ್ರು. ಹೂಂ ಅನ್ನಾಕ ಬಾಯಿ ತಗದೆ. ಅಲ್ಲ ಅಂತ ಬಂತು. ನನಗ ಗೊತ್ತಿಲ್ಲವ್ವಾ ಹೆಂಗ ಬಂತು ಅಂತ. ಬಂದ ಮ್ಯಾಲೆ, ಬರಕೊಂಡು ಹೆಬ್ಬಟ್ಟ ಒತ್ತಿಸಿಬಿಟ್ರು. ಹಾದಿ ತುಂಬಾ ವಿಚಾರ ಮಾಡಿದೆ, ತಿರುಗಿ ಹೋಗಿ ಹೇಳ್ಲೇನು ಅಂತ. ಮನಿ ಮುಂದ ನಿಮ್ಮತ್ತಿ ನಿಂತಿದ್ಲು. ಅಕಿ ಮಾರಿ ನೋಡಿದೆ.”

“ಈ ಚಿತ್ರಾ?”

“ಚೀಲದಾಗಿತ್ತು. ಬಸ್ಸಿನಾಗ ಕುಂತು ನೋಡಿದೆ. ತಲಿಕೆಳಗ ಜೋತು ಬಿದ್ದಾಂವನ್ನ ನೋಡಾ‌ಕ ನನ್ನ ಕೈಲೆ ಆಗಲಿಲ್ಲ, ತಿರುವಿದೆ. ತಿರುವಿದ್ರ ನಿಂತಾ ಅಂವ. ನೆಟ್ಟಗ ನಿಂತಾ ನೋಡವ್ವಾ, ಏನೂ ಆಗೇ ಇಲ್ಲ ಅನ್ನೂವಂಗ. ಅಕ್ಷರಾ ಒಂದು ಅಡ್ಡ ಬಂದಿದ್ವು. ನನಗ ಓದಾಕ ಬರೂದಿಲ್ಲ, ನೀ ಏಳನೇತ್ತಾ ಓದೀದಿ. ತಲಿಕೆಳಗಾದ ಅಕ್ಷರ ನಿನಗ ತಿಳಿತಾವ ಅಂತ ಕತ್ತರಸಿದೆ.”

ಮಾಲಾಳಿಗೆ ಬೈಯಬೇಕೆನಿಸಿತು. ಮೂರು ದಿನ ಹಣೆಯ ತುಂಬ ಕುಂಕುಮ ಇಟ್ಟುಕೊಂಡು ಓಡಾಡಿದ್ದಾಳೆ. ಎರಡು ಸಂಜೆ ಆ ಮುದುಕಿ ಒಂಟಿಗಾಲಲ್ಲಿ ನಿಂತಿದ್ದಾಳೆ. ತನ್ನವನೇ ಯಾರದೋ ಹೆಣವಾಗಿ ಬಿದ್ದಿರುವಾಗ, ಯಾರ ಮನೆಯವನೋ ಪಾಪ ಎಂದು ಮರುಗಿದ್ದಾಳೆ. ಬಾಯಿಗೆ ಬಂದ ಮಾತೆಲ್ಲ ಆಡಬಹುದಿತ್ತು, ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಎದುರಿಗೆ ಖಾಕಿ ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದವನನ್ನು ನೋಡಿ ಅವಳಿಗೆ ಬೈಗುಳ ಹುಟ್ಟಲಿಲ್ಲ.

“ಇವತ್ತ ಐದರ ತನಕ ಅಷ್ಟ ಮಾವಾ. ಆಮ್ಯಾಲೆ ಅವರು ಮಣ್ಣ ಮಾಡತಾರ. ಹೆಸರಿಲ್ಲದ ಕುಣ್ಯಾಗ ಹಾಕತಾರ. ಏಳ್ರಿ.”

“ನಿಮ್ಮತ್ತಿಗಿ ಯಾರು ಹೇಳಾವ್ರು?”

“ಅದನ್ನ ಆಮ್ಯಾಲೆ ನೋಡೂಣು. ಮೊದಲ ಏಳ್ರಿ.”

ನಾಗಲಿಂಗನಿಗೆ ವಿಷಯ ತಿಳಿದು, ಅವನು ಹೆಚ್ಚು ಕೇಳದೆ ಟೆಂಪೋ ಹೊರಗೆ ತೆಗೆದ. ದವಾಖಾನೆಯಲ್ಲಿ ಪೊಲೀಸಿನವನು ಸತ್ಯಪ್ಪನಿಗೆ ಎಲ್ಲರ ಎದುರಿಗೇ ಬೈದ. ಅವತ್ತು ಅಲ್ಲ ಅಂದವನು ಇವತ್ತು ಹೌದು ಅಂತೀಯಾ, ಮಗನನ್ನು ಗುರುತು ಹಿಡಿಯಲಿಕ್ಕೆ ಮೂರು ದಿನ ಬೇಕಾಯಿತಾ ಎಂದ. ಸತ್ಯಪ್ಪ ತಲೆ ತಗ್ಗಿಸಿಕೊಂಡು “ಹೂಂರಿ” ಎನ್ನುತ್ತಿದ್ದ. ಆವತ್ತು ಹೇಳಲಾಗದ ಆ ಒಂದು ಶಬ್ದವನ್ನು ಇವತ್ತು ಕೇಳದಿದ್ದರೂ ಹೇಳುತ್ತಿದ್ದ. ಹೊಸ ಕಾಗದಕ್ಕೆ ಮತ್ತೆ ಹೆಬ್ಬೆಟ್ಟು ಒತ್ತಿದ. ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು ಆಗಿತ್ತು.

ಮಾಲಾ ಮುಖ ನೋಡುತ್ತೇನೆ ಎಂದು ಕೇಳಲಿಲ್ಲ. ಕಾಲು ತೋರಿಸಿ ಎಂದಳು. ಒಳಗೆ ಥಂಡಿ ಇತ್ತು. ಬಟ್ಟೆ ಎತ್ತಿದವನು ಬೇರೆ ಕಡೆ ಮುಖ ತಿರುಗಿಸಿ ನಿಂತ. ಬಲಗಾಲಿನಲ್ಲಿ ನಾಲ್ಕು ಬೆರಳು. ಅವಳು ಐದನೆಯದು ಇರಬೇಕಾದ ಜಾಗಕ್ಕೆ ತನ್ನ ಬೆರಳಿಟ್ಟಳು. ಬೇವಿನ ಮರದ ಕೆಳಗೆ ಅವನು ಅಂದ ಮಾತು ಕಿವಿಯಲ್ಲಿ ಕೇಳಿಸಿತು. ಆಮೇಲೆ ಅಲ್ಲೇ ನೆಲಕ್ಕೆ ಕುಳಿತು ಅತ್ತಳು, ಮೂರು ದಿನದ್ದನ್ನೂ ಸೇರಿಸಿ ಅತ್ತಳು. ಯಾರೂ ಅವಳನ್ನು ಎಬ್ಬಿಸಲಿಲ್ಲ.

ಟೆಂಪೋ ಖಾನಾಪುರ ತಲುಪುವಾಗ ದೀಪ ಹಚ್ಚುವ ಹೊತ್ತು. ಹಿಂದೆ ಬಾಳೇಶ ಮಲಗಿದ್ದ, ಅವನ ಪಕ್ಕದಲ್ಲಿ ಸತ್ಯಪ್ಪ ಹಲಗೆ ಹಿಡಿದು ಕುಳಿತಿದ್ದ. ದಾರಿಯಲ್ಲಿ ಮಾಲಾ ಹಣೆಯ ಕುಂಕುಮ ಮುಟ್ಟಿಕೊಂಡಳು, ಒರೆಸಲಿಲ್ಲ. ಅದಕ್ಕೆ ಅದರದೇ ಮಂದಿ, ಅದರದೇ ಹೊತ್ತು ಇದೆ. ಮನೆ ಇನ್ನೂ ನಾಲ್ಕು ಮಾರು ಇರುವಾಗ ಓಣಿಯ ತಿರುವಿನಲ್ಲಿ ನಾಗಲಿಂಗನಿಗೆ ನಿಲ್ಲಿಸಲು ಹೇಳಿದಳು.

“ಬರ್ರಿ ಮಾವಾ.”

“ನೀ ಮುಂದ ಹೋಗು. ನಾ ಬರತೇನಿ.”

“ಒಬ್ಬಾಕಿನ ಹೋಗಂಗಿಲ್ಲ. ಈ ಸಲ ನೀವ ಹೇಳಬೇಕು.”

ಬಾಗಿಲು ತೆರೆದೇ ಇತ್ತು. ಒಳಗೆ ಜಗಲಿಯ ಮೇಲೆ ಹಣತೆ ಉರಿಯುತ್ತಿತ್ತು. ಕಾರ್ಡು ಇರದ ಜಾಗದಲ್ಲಿ ಸಾತವ್ವ ಗೋಡೆಗೇ ಒಂದು ಬೊಟ್ಟು ಭಂಡಾರ ಹಚ್ಚಿದ್ದಳು. ಬಾಗಿಲಿಗೆ ಬೆನ್ನು ಮಾಡಿ, ಬಲಗೈಯಿಂದ ಗೋಡೆ ಹಿಡಿದು, ಎಡಗಾಲು ಎತ್ತಿ ನಿಂತಿದ್ದಳು. ಮೊಣಕಾಲು ನಡುಗುತ್ತಿತ್ತು, ಸೀರೆಯ ನಿರಿಗೆಯೂ ಅದರ ಜೊತೆ ನಡುಗುತ್ತಿತ್ತು. ಹೆಜ್ಜೆಯ ಸದ್ದು ಕೇಳಿ ತಿರುಗದೆಯೇ ಕೇಳಿದಳು.

“ಬಂದ್ಯಾ ಮಾಲಾ? ಏನಂದ್ರು ಮಾಸ್ತರು? ಯಾವ ಮಠ ಅಂತ?”

ಮಾಲಾ ಹತ್ತಿರ ಹೋಗಿ, ಕಣದಿಂದ ಕಾರ್ಡು ತೆಗೆದು, ಅದು ಇರಬೇಕಾದ ಹಾಗೆ, ತಲೆ ಕೆಳಗಾಗಿ, ಹಣತೆಯ ಪಕ್ಕಕ್ಕೆ ಇಟ್ಟಳು.

“ಹುಚ್ಚಿ, ತಲಿ ಕೆಳಗ ಮಾಡಿ ಇಟ್ಟೆಲ್ಲ,” ಎಂದು ಸಾತವ್ವ ಅದನ್ನು ತಿರುಗಿಸಲು ಎಡಗೈ ಚಾಚಿದಳು. ಆ ಕೈಯನ್ನು ಹಿಂದಿನಿಂದ ಇನ್ನೊಂದು ಕೈ ಬಂದು ಹಿಡಿಯಿತು. ಅದು ಸತ್ಯಪ್ಪನ ಕೈ. ಅವನು ಚಿತ್ರ ತಿರುಗಿಸಲು ಬಿಡಲಿಲ್ಲ. ಹಿಡಿದ ಕೈಯನ್ನೂ ಬಿಡಲಿಲ್ಲ.

ಸಾತವ್ವ ಕತ್ತು ಹೊರಳಿಸಿ ಗಂಡನ ಬೋಳು ಹಣೆಯನ್ನು ನೋಡಿದಳು, ಅವನ ಹೆಗಲಾಚೆ ಓಣಿಯ ತಿರುವಿನಲ್ಲಿ ನಿಂತ ಟೆಂಪೋವನ್ನು ನೋಡಿದಳು. ಎತ್ತಿದ ಕಾಲು ಇನ್ನೂ ನೆಲ ಮುಟ್ಟಿರಲಿಲ್ಲ.